ಪುಸ್ತಕ ತೆರೆಯಬಹುದು ಎಂದರೆ ಗೂಗಲ್ಲೂ ತೆರೆಯಬಹುದೇ?

ಪುಸ್ತಕ ನೋಡಿಕೊಂಡೇ ಬರೆಯಿರಿ ಎಂದು ಶಿಕ್ಷಕರು ಹೇಳಿದ ಪರೀಕ್ಷೆಯಲ್ಲಿ ವಿದ್ಯಾರ್ಥಿಯೊಬ್ಬ ಮೊಬೈಲ್ ತೆಗೆದು ಅಂತರ್ಜಾಲದಲ್ಲಿ ಹುಡುಕಿದರೆ ಅದನ್ನು ನಕಲು ಎನ್ನಬೇಕೇ? 2018ರಲ್ಲಿ ಪ್ರಾಥಮಿಕ ಮತ್ತು ಪ್ರೌಢಶಿಕ್ಷಣ ಸಚಿವರಾಗಿದ್ದ ಎನ್. ಮಹೇಶ್ ಅವರು ತೆರೆದ ಪುಸ್ತಕ ಪರೀಕ್ಷೆಯ ವಿಚಾರ ಎತ್ತಿದಾಗ ರಾಜ್ಯದಲ್ಲಿ ಚರ್ಚೆ ನಡೆಯಿತು, ಜಾರಿಗೆ ಬರಲಿಲ್ಲ. ಈಗ ಸಿಬಿಎಸ್‌ಇ ಮಂಡಳಿ 2026–27ರಿಂದ ಒಂಬತ್ತನೇ ತರಗತಿಗೆ ಇಂಥ ಮೌಲ್ಯಮಾಪನ ತರಲು ಒಪ್ಪಿರುವುದರಿಂದ ಪ್ರಶ್ನೆ ಮತ್ತೆ ಮನೆ ಬಾಗಿಲಿಗೆ ಬಂದಿದೆ. ನನ್ನ ನಿಲುವು ಇಷ್ಟು: ಹುಡುಕುವುದೇ ತಪ್ಪಲ್ಲ. ಪರೀಕ್ಷೆ ಯಾವ ಕೆಲಸವನ್ನು ಅಳೆಯಲು ಹೊರಟಿದೆಯೋ ಆ ಕೆಲಸವನ್ನು ಬೇರೆಯವರಿಂದ ಮಾಡಿಸಿಕೊಂಡರೆ ಅದು ನಕಲು. ಆ ಬೇರೆಯವರು ಪಕ್ಕದ ಬೆಂಚಿನ ಗೆಳೆಯನಾಗಿರಬಹುದು, ಜಾಲತಾಣವಾಗಿರಬಹುದು, ಉತ್ತರ ಬರೆದುಕೊಡುವ ಯಂತ್ರವೂ ಆಗಿರಬಹುದು.

'ತೆರೆದ' ಎಂದು ಹೆಸರಿದ್ದ ಮಾತ್ರಕ್ಕೆ ಪರೀಕ್ಷೆಗೆ ಮಿತಿಯೇ ಇಲ್ಲ ಎಂದಾಗುವುದಿಲ್ಲ. ಸಿಬಿಎಸ್‌ಇ 2014ರಲ್ಲಿ ಒಂಬತ್ತು ಮತ್ತು ಹನ್ನೊಂದನೇ ತರಗತಿಗಳಿಗೆ ತಂದು ಕೆಲವು ವರ್ಷಗಳಲ್ಲೇ ಕೈಬಿಟ್ಟ ಪದ್ಧತಿಯನ್ನೇ ನೋಡಿ. ಅಲ್ಲಿ ಆಧಾರವಾಗಿದ್ದದ್ದು ಮಂಡಳಿಯೇ ತಿಂಗಳುಗಟ್ಟಲೆ ಮೊದಲು ಓದಲು ಕೊಟ್ಟ ನಿರ್ದಿಷ್ಟ ಪಠ್ಯ. ಡೆನ್ಮಾರ್ಕ್ ಇನ್ನೂ ಮುಂದೆ ಹೋಯಿತು. 2009ರಲ್ಲಿ ಅಲ್ಲಿನ 14 ಶಾಲೆಗಳು ಅಂತಿಮ ಪರೀಕ್ಷೆಯಲ್ಲಿ ಅಂತರ್ಜಾಲ ಬಳಸಲು ಪ್ರಾಯೋಗಿಕವಾಗಿ ಬಿಟ್ಟವು. ಯಾವ ತಾಣ ಬೇಕಾದರೂ ನೋಡಬಹುದಿತ್ತು. ಆದರೆ ಒಬ್ಬರಿಗೊಬ್ಬರು ಸಂದೇಶ ಕಳಿಸುವಂತಿರಲಿಲ್ಲ, ಹೊರಗಿನವರನ್ನು ಕೇಳುವಂತಿರಲಿಲ್ಲ. ಒಂದು ಕಡೆ ಒಂದೇ ಪಠ್ಯ, ಇನ್ನೊಂದು ಕಡೆ ಇಡೀ ಜಾಲ. ಇಷ್ಟು ಅಂತರವಿದ್ದರೂ ಉತ್ತರ ಕಟ್ಟುವ ಕೆಲಸ ವಿದ್ಯಾರ್ಥಿಯದೇ ಎಂಬ ವಿಷಯದಲ್ಲಿ ಎರಡೂ ಒಂದೇ.

ಹುಡುಕಾಟಕ್ಕೂ ನಕಲಿಗೂ ನಡುವಿನ ಈ ಗೆರೆಯನ್ನು ನಮ್ಮ ಬಳ್ಳಾರಿಯ ಮಣ್ಣಿನಲ್ಲೇ ತೋರಿಸಬಹುದು. ಸಂಗನಕಲ್ಲಿನ ಗುಡ್ಡಗಳು ನವಶಿಲಾಯುಗದ ನೆಲೆ ಎಂಬುದು ಪಠ್ಯಪುಸ್ತಕ ಓದಿದವರಿಗೆಲ್ಲ ಗೊತ್ತು. ಈ ನೆಲೆಯನ್ನು 1872ರಲ್ಲಿ ಗುರುತಿಸಿದವರು ಯಾರು ಎಂದು ಕೇಳಿದರೆ ರಾಬರ್ಟ್ ಬ್ರೂಸ್ ಫೂಟ್ ಎಂಬ ಹೆಸರು ಮೊಬೈಲಿನಲ್ಲಿ ಕ್ಷಣದಲ್ಲಿ ಸಿಗುತ್ತದೆ. ತೆರೆದ ಪರೀಕ್ಷೆಯಲ್ಲಿ ಇಂಥ ಪ್ರಶ್ನೆ ಕೇಳಿ, ಹುಡುಕಿದ ಹುಡುಗನನ್ನು ಕಳ್ಳ ಎನ್ನುವುದು ನ್ಯಾಯವಲ್ಲ. ಅಲ್ಲಿ ಸೋತದ್ದು ಪ್ರಶ್ನೆ. ಅದೇ ಜಿಲ್ಲೆಯ ಬೂದಿದಿಬ್ಬಗಳ ಬಗ್ಗೆ ಹೀಗೆ ಕೇಳಿ ನೋಡಿ: ಕುಡತಿನಿಯಂಥ ಕಡೆ ಗುಡ್ಡದಂತೆ ನಿಂತಿರುವ ಬೂದಿ ಸುಟ್ಟ ಸಗಣಿಯದು ಎಂದು ಪರೀಕ್ಷೆಗಳು ಹೇಳಿವೆ. ತೆಲಂಗಾಣದ ಉಟ್ನೂರಿನ ಇಂಥದೇ ದಿಬ್ಬದಲ್ಲಿ ಉತ್ಖನನ ಮಾಡಿದ ಪುರಾತತ್ವಜ್ಞ ಆಲ್ಚಿನ್ ಅವರಿಗೆ ದನಗಳ ಗೊರಸಿನ ಗುರುತುಗಳು ಸಿಕ್ಕಿವೆ, ಅವರು ಅದನ್ನು ದನದ ದೊಡ್ಡಿ ಎಂದಿದ್ದಾರೆ. ಸಗಣಿಯನ್ನು ಗೊಬ್ಬರ ಮಾಡದೆ ಮತ್ತೆ ಮತ್ತೆ ಸುಟ್ಟದ್ದೇಕೆ? ನಿಮ್ಮ ತೀರ್ಮಾನವೇನು, ಅದಕ್ಕೆ ವಿರುದ್ಧವಾದ ಸಾಕ್ಷ್ಯ ಯಾವುದು? ಇದಕ್ಕೆ ಉತ್ತರಿಸುವವನು ನಾಲ್ಕು ಕಡೆ ಹುಡುಕಿದರೆ ಅದು ಅಧ್ಯಯನ. ಯಾರೋ ಬರೆದ ತೀರ್ಮಾನವನ್ನು ಹಾಗೇ ಇಳಿಸಿ ತನ್ನದೆಂದರೆ ಅದು ನಕಲು. ಎರಡಕ್ಕೂ ಬಳಸಿದ್ದು ಒಂದೇ ಮೊಬೈಲ್.

ಸಾಧನದ ಮೇಲೆ ತಪ್ಪು ಹೊರಿಸಬಾರದು ಎಂಬುದಕ್ಕೆ ನಮ್ಮ ರಾಜ್ಯದ ಜಿಲ್ಲೆಗಳೇ ಸಾಕ್ಷಿ. 2023ರ ಅಕ್ಟೋಬರ್‌ನಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸಿದ ನೇಮಕಾತಿ ಪರೀಕ್ಷೆಯಲ್ಲಿ ಕಲಬುರಗಿ, ಯಾದಗಿರಿ ಕಡೆ ಬ್ಲೂಟೂತ್ ಅಕ್ರಮ ಬಯಲಾಯಿತು. ಹೊರಗಿನ ತಲೆಯೊಂದು ಅಭ್ಯರ್ಥಿಯ ಹೆಸರಿನಲ್ಲಿ ಪರೀಕ್ಷೆ ಬರೆಯಹೊರಟದ್ದೇ ಅಲ್ಲಿನ ಮೋಸ. ತೆರೆದ ಪರೀಕ್ಷೆಯಲ್ಲಿ ಪ್ರಶ್ನೆಯನ್ನು ಹಾಗೆಯೇ ವಾಟ್ಸಾಪ್ ಗುಂಪಿಗೋ ಚಾಟ್‌ಜಿಪಿಟಿಗೋ ಹಾಕಿ, ಬಂದ ಉತ್ತರ ಇಳಿಸುವುದೂ ಸ್ವರೂಪದಲ್ಲಿ ಅದೇ.

"ನಾಳೆ ಕೆಲಸಕ್ಕೆ ಸೇರಿದಾಗ ಎಲ್ಲರೂ ಹುಡುಕಿಯೇ ಕೆಲಸ ಮಾಡುತ್ತಾರೆ, ಪರೀಕ್ಷೆಯಲ್ಲಿ ಮಾತ್ರ ಏಕೆ ತಡೆ?" ಎಂಬ ಆಕ್ಷೇಪ ಬಲವಾದದ್ದು. ಹುಡುಕುವ ಕೌಶಲ ಬೇಕೇ ಬೇಕು. ಆದರೆ ಸಿಕ್ಕದ್ದರಲ್ಲಿ ಕಾಳು ಯಾವುದು ಜೊಳ್ಳು ಯಾವುದು ಎಂದು ತೂಗಲು ತಲೆಯೊಳಗೆ ಒಂದಿಷ್ಟು ತಿಳಿವು ಮೊದಲೇ ಇರಬೇಕು. ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ಅರ್ನಾಲ್ಡ್ ಗ್ಲಾಸ್ ಮತ್ತು ಮೆಂಗ್ಷುವೆ ಕಾಂಗ್ 11 ವರ್ಷಗಳ ಅಂಕಿಅಂಶ ಪರಿಶೀಲಿಸಿ 2020ರಲ್ಲಿ ಅಧ್ಯಯನ ಪ್ರಕಟಿಸಿದರು. ಹೋಂವರ್ಕ್ ಚೆನ್ನಾಗಿ ಮಾಡಿ ಪರೀಕ್ಷೆಯಲ್ಲಿ ಹಿಂದೆ ಬಿದ್ದವರು 2008ರಲ್ಲಿ ಶೇ 14 ಇದ್ದರೆ 2017ಕ್ಕೆ ಶೇ 55 ಆಗಿದ್ದರು. ಉತ್ತರವನ್ನು ತಾವೇ ಯೋಚಿಸದೆ ಜಾಲದಿಂದ ಎತ್ತಿಕೊಂಡದ್ದೇ ಇದಕ್ಕೆ ಕಾರಣವೆಂದು ಅವರು ಕಂಡರು. ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಇನ್ನೊಂದು ಅಪಾಯ ತೋರಿಸಿದರು: ಜಾಲದಲ್ಲಿ ಹುಡುಕಿದವರು, ತಾವು ಹುಡುಕದೇ ಇದ್ದ ವಿಷಯಗಳನ್ನೂ ಚೆನ್ನಾಗಿ ವಿವರಿಸಬಲ್ಲೆವು ಎಂದು ಭಾವಿಸುತ್ತಾರೆ. ಹೀಗೆ ಎತ್ತಿಕೊಂಡ ಉತ್ತರದಿಂದ ವಿದ್ಯಾರ್ಥಿ ಮೊದಲು ವಂಚಿಸುವುದು ತನ್ನನ್ನೇ.

"ಪುಸ್ತಕದಲ್ಲೂ ಉತ್ತರ ಇರುತ್ತದಲ್ಲ, ಅದಕ್ಕೂ ಗೂಗಲ್ಲಿಗೂ ಏನು ವ್ಯತ್ಯಾಸ?" ಎಂದೂ ಕೇಳುತ್ತಾರೆ. ಹಾಳೆಯ ಮೇಲಿದೆಯೋ ಪರದೆಯ ಮೇಲಿದೆಯೋ ಎಂಬುದರಿಂದ ವ್ಯತ್ಯಾಸವಾಗದು, ನಿಜ. ಪುಸ್ತಕದ ಸಾಲುಗಳನ್ನು ಹಾಗೇ ಇಳಿಸಿದರೂ ತಪ್ಪೇ. ಆದರೆ ಒಂದು ಭೇದ ಉಳಿಯುತ್ತದೆ: ತರಗತಿಯ ಪುಸ್ತಕ ಎಲ್ಲರ ಕೈಯಲ್ಲೂ ಒಂದೇ, ಅಂತರ್ಜಾಲ ಹಾಗಲ್ಲ. ಸಿರುಗುಪ್ಪ, ಕುರುಗೋಡು ತಾಲ್ಲೂಕುಗಳ ಹಳ್ಳಿಯ ಮನೆಯಲ್ಲಿ ಒಂದೇ ಮೊಬೈಲನ್ನು ಅಣ್ಣ ತಂಗಿ ಹಂಚಿಕೊಳ್ಳಬೇಕಾದರೆ, ನಗರದಲ್ಲಿ ಲ್ಯಾಪ್‌ಟಾಪ್, ವೈಫೈ ಇರುವವರ ಜೊತೆ ಅವರು ಸಮನಾಗಿ ಬರೆಯುವುದು ಹೇಗೆ? ಹುಡುಕಾಟಕ್ಕೆ ಅನುಮತಿ ಕೊಡುವ ಶಾಲೆ, ಸಾಧನವನ್ನೂ ಸಂಪರ್ಕವನ್ನೂ ಎಲ್ಲರಿಗೂ ಒದಗಿಸಬೇಕು. ಆಗದಿದ್ದರೆ ಅಂತರ್ಜಾಲ ಬೇಡ ಎಂದು ಸ್ಪಷ್ಟವಾಗಿ ಹೇಳಬೇಕು. ಹಾಗೆ ಹೇಳಿದ ಮೇಲೂ ಗುಟ್ಟಾಗಿ ಹುಡುಕುವುದು ಸಂಶಯವಿಲ್ಲದೆ ನಕಲು, ಏಕೆಂದರೆ ನಿಯಮಕ್ಕೆ ಒಪ್ಪಿ ಬರೆದ ಸಹಪಾಠಿಯ ಅಂಕಕ್ಕೆ ಅದು ಅನ್ಯಾಯ ಮಾಡುತ್ತದೆ.

ನಿಯಮ ಏನನ್ನೂ ಹೇಳದೆ ಸುಮ್ಮನಿದ್ದರೆ? ಆ ಮೌನದ ಹೊಣೆಯನ್ನು ಹದಿನಾಲ್ಕು ವರ್ಷದ ಮಗುವಿನ ತಲೆಗೆ ಕಟ್ಟಬಾರದು. ಯಾವ ಆಕರ ನೋಡಬಹುದು, ಯಾರನ್ನು ಕೇಳಬಾರದು, ನೋಡಿದ್ದನ್ನು ಹೇಗೆ ಹೆಸರಿಸಬೇಕು ಎಂಬ ಮೂರು ಸಾಲು ಪ್ರಶ್ನೆಪತ್ರಿಕೆಯ ತಲೆಯ ಮೇಲೇ ಅಚ್ಚಾಗಿರಲಿ. ಶಿಕ್ಷಕರು ಗೂಗಲ್ ಒಂದೇ ಏಟಿಗೆ ಉತ್ತರಿಸಲಾಗದ ಪ್ರಶ್ನೆ ಕೇಳಲಿ. ವಿದ್ಯಾರ್ಥಿಗಳು ಸಂಶಯ ಬಂದರೆ ಬರೆಯುವ ಮೊದಲೇ ಮೇಷ್ಟ್ರನ್ನು ಕೇಳಲಿ, ಎಲ್ಲಿಂದ ತೆಗೆದುಕೊಂಡೆ ಎಂದು ಮುಚ್ಚಿಡದೆ ಬರೆಯಲಿ. ಇಷ್ಟಾದರೆ ತೆರೆದ ಪರೀಕ್ಷೆಯಲ್ಲಿ ಮೊಬೈಲ್ ಕಂಡು ಹೆದರಬೇಕಾದ ಕಾರಣ ನಮಗಾರಿಗೂ ಇರುವುದಿಲ್ಲ.