ಒಂದೇ ಸರಕು, ಎರಡು ಭರವಸೆ

ನಾಲ್ಕು ವರ್ಷಗಳ ಹಿಂದಿನ ಮಾತು. ನನ್ನ ಕಂಪ್ಯೂಟರಿಗೆ ಹೊಸ ಹಾರ್ಡ್ ಡಿಸ್ಕ್ ಒಂದು ಬೇಕಾಗಿ ಅಂಗಡಿಗೆ ಹೋದೆ. ಅಂಗಡಿಯವನು ಎರಡನ್ನು ತಂದು ಮುಂದಿಟ್ಟ. ಒಂದು ಬಣ್ಣದ ಪೆಟ್ಟಿಗೆಯಲ್ಲಿತ್ತು. ಇನ್ನೊಂದು ಬರಿಯ ಬೆಳ್ಳಿಬಣ್ಣದ ಚೀಲದಲ್ಲಿ. ತಯಾರಕರ ಹೆಸರು, ಗಾತ್ರ, ಸಾಮರ್ಥ್ಯ ಎಲ್ಲವೂ ಒಂದೇ. ಚೀಲದ್ದಕ್ಕೆ ಬೆಲೆ ಕೆಲವು ನೂರು ರೂಪಾಯಿ ಕಡಮೆ. “ಒಳಗಿರೋದು ಒಂದೇ ಸಾರ್, ಪೆಟ್ಟಿಗೆಗೆ ಯಾಕೆ ದುಡ್ಡು ಕೊಡ್ತೀರಿ?” ಎಂದ. ಮೇಷ್ಟರ ಲೆಕ್ಕಾಚಾರಕ್ಕೆ ಆ ಮಾತು ಹಿಡಿಸಿತು.

ಎಂಟನೆಯ ತಿಂಗಳಲ್ಲಿ ಡಿಸ್ಕು ನಿಂತಿತು. ಅಂಗಡಿಯವನು ತಯಾರಕರ ಕಡೆಗೆ ಕೈ ತೋರಿಸಿದ. ತಯಾರಕರು, ಇದು ಕಂಪ್ಯೂಟರ್ ಕಂಪನಿಯೊಂದಕ್ಕೆ ಕೊಟ್ಟ ಸರಕು, ಅವರನ್ನೇ ಕೇಳಿ ಎಂದರು. ಆ ಕಂಪನಿಯಿಂದ ನಾನು ಏನನ್ನೂ ಕೊಂಡವನಲ್ಲ.

ಒಳಗಿರುವುದು ಒಂದೇ ಎಂದು ಅಂಗಡಿಯವನು ಹೇಳಿದ್ದು ಸುಳ್ಳಾಗಿರಲಿಲ್ಲ. ಭಿನ್ನವಾಗಿದ್ದುದು ವಸ್ತುವಲ್ಲ, ವಸ್ತುವಿನ ಬೆನ್ನಿಗಿದ್ದ ಮಾತು. ಪೆಟ್ಟಿಗೆಯಲ್ಲಿ ಬರುವ ಚಿಲ್ಲರೆ ಮಾರಾಟದ ಡಿಸ್ಕಿಗೆ ತಯಾರಕನು ನೇರವಾಗಿ ಬಳಕೆದಾರನಿಗೇ ವಾರಂಟಿ ಕೊಡುತ್ತಾನೆ. ಓ.ಇ.ಎಂ. ಎಂಬ ಮೂರಕ್ಷರದ ಸರಕಿನ ರೀತಿ ಬೇರೆ. ಕಂಪ್ಯೂಟರ್ ಕಟ್ಟುವ ಕಂಪನಿಗಳು ಡಿಸ್ಕುಗಳನ್ನು ಸಾವಿರಗಟ್ಟಲೆ ಕೊಳ್ಳುತ್ತವೆ. ಬೆಲೆಯಲ್ಲಿ ರಿಯಾಯಿತಿ ಪಡೆದು, ಕೆಟ್ಟರೆ ಗಿರಾಕಿಗೆ ಉತ್ತರ ಹೇಳುವ ಹೊಣೆಯನ್ನು ತಾವೇ ಹೊರುತ್ತವೆ. ಅಂಥ ಡಿಸ್ಕು ಕಂಪ್ಯೂಟರಿನಿಂದ ಬೇರ್ಪಟ್ಟು ಬಿಡಿಯಾಗಿ ಪೇಟೆಗೆ ಬಂದಾಗ ಆ ಹೊಣೆ ಅದರ ಜೊತೆಯಲ್ಲಿ ಬರುವುದಿಲ್ಲ.

ಹಾಗೆಂದು ಚೀಲದಲ್ಲಿ ಬರುವುದೆಲ್ಲ ಅನಾಥವೆಂದು ತಿಳಿಯಬಾರದು. ವಿತರಕರ ಮೂಲಕ ಬಿಡಿಯಾಗಿಯೇ ಮಾರುವ, ತಯಾರಕರ ಪೂರ್ಣ ವಾರಂಟಿಯುಳ್ಳ ಡಿಸ್ಕುಗಳೂ ಉಂಟು. ಪೇಟೆಯ ಮಾತಿನಲ್ಲಿ ಇವನ್ನೂ ಓ.ಇ.ಎಂ. ಎಂದೇ ಕರೆಯುವುದರಿಂದ ಗೊಂದಲ ಹೆಚ್ಚುತ್ತದೆ. ಹೊದಿಕೆಯನ್ನು ನೋಡಿ ನಿರ್ಣಯಿಸುವಂತಿಲ್ಲ. ಡಿಸ್ಕಿನ ಮೇಲೆ ಅಚ್ಚಾಗಿರುವ ಕ್ರಮಸಂಖ್ಯೆಯನ್ನು ತಯಾರಕರ ಜಾಲತಾಣದಲ್ಲಿ ಕೊಟ್ಟು, ವಾರಂಟಿ ಉಂಟೇ, ಎಲ್ಲಿಯವರೆಗೆ, ನಮ್ಮ ದೇಶದಲ್ಲಿ ಸಲ್ಲುವುದೇ ಎಂದು ಹಣ ಕೊಡುವ ಮೊದಲೇ ನೋಡಿಕೊಳ್ಳುವುದು ಲೇಸು.

ವಾರಂಟಿಯ ಅವಧಿ ಡಿಸ್ಕಿನ ಆಯುಸ್ಸಿನ ಅಳತೆಯೂ ಅಲ್ಲ. 2002ರ ಅಕ್ಟೋಬರಿನಿಂದ ಸೀಗೇಟ್, ಮ್ಯಾಕ್ಸ್‌ಟರ್, ವೆಸ್ಟರ್ನ್ ಡಿಜಿಟಲ್ ಕಂಪನಿಗಳು ಮೇಜಿನ ಕಂಪ್ಯೂಟರುಗಳ ಹಲವು ಡಿಸ್ಕುಗಳಿಗೆ ಇದ್ದ 3 ವರ್ಷದ ವಾರಂಟಿಯನ್ನು 1 ವರ್ಷಕ್ಕೆ ಇಳಿಸಿದವು. 2004ರಲ್ಲಿ ಸೀಗೇಟ್ ಅದನ್ನು 5 ವರ್ಷಕ್ಕೇರಿಸಿತು. 2011ರ ಕೊನೆಯಲ್ಲಿ, ಥಾಯ್ಲೆಂಡಿನ ನೆರೆಹಾವಳಿಯಿಂದ ಡಿಸ್ಕುಗಳ ತಯಾರಿಕೆಗೆ ಪೆಟ್ಟುಬಿದ್ದ ದಿನಗಳಲ್ಲಿ, ಸೀಗೇಟ್ ಮತ್ತು ವೆಸ್ಟರ್ನ್ ಡಿಜಿಟಲ್ ಎರಡೂ ಹಲವು ಮಾದರಿಗಳ ಅವಧಿಯನ್ನು ಮತ್ತೆ ಕುಗ್ಗಿಸುವುದಾಗಿ ಸಾರಿದವು. ಈ ಏರಿಳಿತ ಯಂತ್ರದ್ದಲ್ಲ, ವ್ಯಾಪಾರದ್ದು.

ತಯಾರಕನು ಕೈಬಿಟ್ಟರೂ ಮಾರಿದವನ ಹೊಣೆ ಪೂರ್ತಿ ಹರಿಯುವುದಿಲ್ಲ. ಆ ಬಗೆಯ ಸರಕಿನ ವ್ಯಾಪಾರಿಯು ವರ್ಣನೆಯ ಮೇಲೆ ಮಾರಿದ ವಸ್ತುವು ಮಾರಾಟಯೋಗ್ಯ ಗುಣದ್ದಾಗಿರಬೇಕೆಂಬ ಷರತ್ತು 1930ರ ಸರಕು ಮಾರಾಟ ಕಾಯಿದೆಯಲ್ಲೇ ಅಡಕವಾಗಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಎರಡಕ್ಕೂ ರಸೀತಿ ಬೇಕು. ನಾನು ಅದನ್ನು ಕೇಳಿ ಪಡೆದಿರಲಿಲ್ಲ.

ಇಷ್ಟಾದರೂ ಮುಖ್ಯವಾದ ಮಾತು ಉಳಿದೇ ಇದೆ. ಅತ್ಯುತ್ತಮ ವಾರಂಟಿ ಇದ್ದಿದ್ದರೂ ನನಗೆ ಸಿಗುತ್ತಿದ್ದುದು ಇನ್ನೊಂದು ಡಿಸ್ಕು, ಬಹುಶಃ ದುರಸ್ತಿ ಮಾಡಿ ಪರೀಕ್ಷಿಸಿದ ಹಳೆಯದು. ಅದರಲ್ಲಿ ಬರೆದಿಟ್ಟ ಬರಹಕ್ಕೆ ತಯಾರಕರ ವಾರಂಟಿ ಅನ್ವಯಿಸುವುದಿಲ್ಲ. ಹನ್ನೆರಡು ವರ್ಷ ಹಳ್ಳಿಹಳ್ಳಿ ಸುತ್ತಿ ಕೂಡಿಸಿದ ಬೇಸಾಯದ ಪದಗಳು ಆ ಡಿಸ್ಕಿನಲ್ಲಿದ್ದವು. ಶಿಷ್ಯನೊಬ್ಬನ ಬಳಿಯಿದ್ದ ಹಳೆಯ ಪ್ರತಿಯಿಂದ ಅರ್ಧದಷ್ಟು ಮರಳಿ ಬಂತು. ಉಳಿದುದನ್ನು ಹೇಳಿದ ಹಿರಿಯರಲ್ಲಿ ಹಲವರು ಈಗಿಲ್ಲ.

ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಮಾಡಿಸಿ ಹಂಚಿದಳೆಂದು ಮೂವತ್ತು ವರ್ಷ ತರಗತಿಯಲ್ಲಿ ಪಾಠ ಹೇಳಿದವನು ನಾನು. ಓಲೆಗರಿ ಹುಳು ಹಿಡಿಯುತ್ತದೆಂಬುದು ಆಕೆಯ ಕಾಲದವರಿಗೆ ತಿಳಿದಿತ್ತು. ಡಿಸ್ಕು ನಿಲ್ಲುತ್ತದೆಂಬುದನ್ನು ನಾನು ತಡವಾಗಿ ಕಲಿತೆ. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, ಉಳಿದ ಪದಗಳಿಗೆ ಈಗ ಮೂರು ಪ್ರತಿಗಳಿವೆ. ಒಂದು ಬೇರೆ ಊರಿನಲ್ಲಿ, ಮಗಳ ಮನೆಯಲ್ಲಿದೆ.