ಹಟ್ಟಿಯ ಮನೆಗೆ ಆಸ್ಟ್ರೇಲಿಯಾದ ಕಲ್ಲಿದ್ದಲು

ಹಟ್ಟಿ, ಲಿಂಗಸುಗೂರು, ಮಸ್ಕಿ, ಸಿಂಧನೂರು ಕಡೆ ಮನೆ ಕಟ್ಟಲು ಹೊರಟವರು ಗೌಂಡಿಯನ್ನು ಮೊದಲು ಕೇಳುವುದು 'ಚದರಕ್ಕೆ ಎಷ್ಟಾದೀತು?' ಎಂದು. ಅವನು ಒಂದು ಅಂಕಿ ಹೇಳುತ್ತಾನೆ. ಸ್ಲ್ಯಾಬು ಹಾಕುವ ಹೊತ್ತಿಗೆ ಅದು ತಪ್ಪಿರುತ್ತದೆ. 'ಎಲ್ಲಾ ತುಟ್ಟಿ ಆಗ್ಯಾವ' ಎಂದು ಹಣದುಬ್ಬರವನ್ನು ಬೈದು ಸುಮ್ಮನಾಗುತ್ತೇವೆ. ಆದರೆ ಎಲ್ಲವೂ ಒಂದೇ ಸಮ ತುಟ್ಟಿಯಾಗುವುದಿಲ್ಲ.

ಕಬ್ಬಿಣವನ್ನೇ ನೋಡಿ. ಬಳ್ಳಾರಿ ಸೀಮೆಯ ತೋರಣಗಲ್ಲಿನಲ್ಲಿ ದೊಡ್ಡ ಉಕ್ಕಿನ ಕಾರ್ಖಾನೆಯಿದೆ, ಅದಿರು ಪಕ್ಕದ ಸಂಡೂರಿನಲ್ಲೇ ಸಿಗುತ್ತದೆ. ಊದುಕುಲುಮೆಗೆ ಬೇಕಾದ ಕೋಕಿಂಗ್ ಕಲ್ಲಿದ್ದಲು ಮಾತ್ರ ಬಹುಪಾಲು ಹಡಗಿನಲ್ಲಿ, ಮುಖ್ಯವಾಗಿ ಆಸ್ಟ್ರೇಲಿಯಾದಿಂದ ಬರಬೇಕು. 2022ರ ಫೆಬ್ರುವರಿಯಲ್ಲಿ ಉಕ್ರೇನ್ ಯುದ್ಧ ಶುರುವಾಗುತ್ತಲೇ ಈ ಕಲ್ಲಿದ್ದಲಿನ ದರ ಗಗನಕ್ಕೇರಿತು, ಸರಳಿನ ದರವೂ ಬೆನ್ನುಹತ್ತಿತು. ಮೇ 22ರಿಂದ ಕೇಂದ್ರ ಸರ್ಕಾರ ಹಲವು ಬಗೆಯ ಉಕ್ಕಿನ ಮೇಲೆ ಶೇ 15 ರಫ್ತು ಸುಂಕ ಹೇರಿತು, ದರ ಇಳಿಯಿತು. ನವೆಂಬರ್‌ನಲ್ಲಿ ಆ ಸುಂಕವೂ ಹೋಯಿತು. ಏಪ್ರಿಲ್‌ವರೆಗಿನ ಏರಿಕೆಯನ್ನು ಗೆರೆ ಎಳೆದು ಮುಂದುವರಿಸಿದ್ದ ಯಾವ ಗಣಿತಕ್ಕೂ ಆ ಮೇ ತಿಂಗಳು ಕಂಡಿರಲಾರದು.

ಸಿಮೆಂಟಿನ ಸ್ವಭಾವ ಬೇರೆ. ಸೇಡಂ, ವಾಡಿಯ ಸುಣ್ಣದಕಲ್ಲು ನಮ್ಮದೇ. ಸಿಮೆಂಟಿಗೆ ತೂಕ ಹೆಚ್ಚು, ಬೆಲೆ ಕಡಿಮೆ. ಹಾಗಾಗಿ ಡೀಸೆಲ್, ಲಾರಿ ಬಾಡಿಗೆಯ ಪಾಲು ದೊಡ್ಡದು. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ಶೇ 28ರಿಂದ 18ಕ್ಕಿಳಿಯಿತು. ಹಾಗೆಂದು ಚೀಲದ ಬೆಲೆ ಶೇ 10 ಇಳಿಯಬೇಕಿಲ್ಲ: 128 ರೂಪಾಯಿ 118 ಆದರೆ ಇಳಿಕೆ ಶೇ 8ರಷ್ಟೇ. ಉಸುಕಿನದು ಋತುಮಾನದ ಲೆಕ್ಕ. ಮಳೆಗಾಲದಲ್ಲಿ ಕೃಷ್ಣೆ, ತುಂಗಭದ್ರೆಯಲ್ಲಿ ಉಸುಕು ತೆಗೆಯುವಂತಿಲ್ಲ.

ಇಷ್ಟೊಂದು ಎಳೆಗಳಿದ್ದರೆ ಮುಂದಿನ ದರ ಊಹಿಸಲು ಜಟಿಲ ಸೂತ್ರವೇ ಬೇಕೆನಿಸುತ್ತದೆ. ಆದರೆ ಮುನ್ಸೂಚನಾ ಸಂಶೋಧಕ ಸ್ಪೈರೋಸ್ ಮಕ್ರಿಡಾಕಿಸ್ 1982ರಲ್ಲಿ 1001 ಅಂಕಿಸರಣಿಗಳ ಮೇಲೆ ಮುನ್ಸೂಚನಾ ವಿಧಾನಗಳ ಪೈಪೋಟಿ ನಡೆಸಿದಾಗ, ಜಟಿಲ ವಿಧಾನಗಳು ಸರಳವಾದವುಗಳಿಗಿಂತ ಮೇಲೆಂದೇನೂ ಸಾಬೀತಾಗಲಿಲ್ಲ. ಇತ್ತೀಚಿನ ತಿಂಗಳಿಗೆ ಹೆಚ್ಚು ತೂಕ, ಹಳೆಯದಕ್ಕೆ ಕಡಿಮೆ ತೂಕ ಕೊಡುವ ಸರಾಸರಿ ಇಂದಿಗೂ ಹಳತಾಗಿಲ್ಲ. ಅದರ ಉತ್ತರವನ್ನು ಒಂದೇ ಅಂಕಿಯಾಗಿ ನಂಬಬಾರದು, ಅಷ್ಟೆ. 'ಇಷ್ಟರಿಂದ ಇಷ್ಟರೊಳಗೆ' ಎಂಬ ಅಂತರ ಬೇಕು.

ಆ ಅಂತರವನ್ನು ಪಾಲಿನಿಂದ ಗುಣಿಸಿ. ಒಟ್ಟು ಖರ್ಚಿನಲ್ಲಿ ಕಬ್ಬಿಣ ಐದನೇ ಒಂದು ಭಾಗ ಎಂದುಕೊಂಡರೆ, ಅದು ಶೇ 30 ಏರಿದರೂ ಮನೆ ಶೇ 6ರಷ್ಟೇ ತುಟ್ಟಿ. ದೊಡ್ಡ ಸರ್ಕಾರಿ ಗುತ್ತಿಗೆಗಳಲ್ಲಿ ಬೆಲೆ ವ್ಯತ್ಯಾಸ ಕಟ್ಟಿಕೊಡುವುದು ಹೀಗೆಯೇ, ಸಗಟು ಬೆಲೆ ಸೂಚ್ಯಂಕ ನೋಡಿ. ನೀವೂ ಚದರದ ದರಕ್ಕೆ ಒಪ್ಪುವ ಮುನ್ನ ಕಬ್ಬಿಣ, ಸಿಮೆಂಟು, ಉಸುಕು, ಕೂಲಿಯನ್ನು ಬೇರೆಬೇರೆಯಾಗಿ, ತಾರೀಖು ಹಾಕಿ ಬರೆಸಿಕೊಳ್ಳಿ.