ಕೋಸಿನ ವಜ್ರಬೆನ್ನಿನ ಪತಂಗ: ಗುರುತಿಸುವುದು ಹೇಗೆ?



ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದರೆ ಎಲೆಕೋಸು, ಹೂಕೋಸು, ನವಿಲುಕೋಸು ಬೆಳೆದವರಿಗೆ ಒಂದು ಚಿಂತೆ ಹತ್ತುವುದು. ನೋಡನೋಡುತ್ತಿದ್ದಂತೆ ಎಲೆಗಳು ಜರಡಿಯಂತಾಗುವುವು. ಹೋದ ಬೇಸಿಗೆಯಲ್ಲಿ ರೈತರೊಬ್ಬರು ಇಂತಹ ಎಲೆಯೊಂದನ್ನು ತಂದು, "ವಾರಕ್ಕೊಂದು ಸಲ ಔಷಧಿ ಹೊಡೆದೆ ಸ್ವಾಮಿ, ಹುಳು ಮಾತ್ರ ಸಾಯಲಿಲ್ಲ. ನೋಡಿ, ಎಷ್ಟು ಮೊಟ್ಟೆ ಇಟ್ಟಿದೆ!" ಎಂದರು. ಅವರು ತೋರಿಸಿದ ಬಿಳಿಯ ಕಾಳುಗಳು ಮೊಟ್ಟೆಗಳಲ್ಲ. ಆ ಹುಳುವನ್ನೇ ಕೊಲ್ಲುವ ಕಣಜದ ಗೂಡುಗಳು. ಅವರ ಹಣ ಮಿತ್ರನನ್ನು ಕೊಲ್ಲಲು ವೆಚ್ಚವಾಗಿತ್ತು. ಆದುದರಿಂದ ಮೊದಲು ಗುರುತು ಹಿಡಿಯುವುದನ್ನು ಕಲಿಯೋಣ.

ಪತಂಗದ ಗುರುತು: ಇದು ಭತ್ತದ ಕಾಳಿನಷ್ಟೇ ಉದ್ದವಾದ, ಬೂದುಗಂದು ಬಣ್ಣದ ಸಣ್ಣ ಪತಂಗ. ರೆಕ್ಕೆ ಮಡಿಸಿ ಕುಳಿತಾಗ ಬೆನ್ನಿನ ಮೇಲೆ ಮೂರು ತಿಳಿಬಣ್ಣದ ವಜ್ರಾಕಾರಗಳು ಸಾಲಾಗಿ ಕಾಣುವುವು. ಸಂಜೆಗತ್ತಲಿನಲ್ಲಿ ಗಿಡ ಅಲುಗಿಸಿದರೆ ತಟ್ಟನೆ ಎದ್ದು, ಸ್ವಲ್ಪ ದೂರ ಹಾರಿ ಮತ್ತೆ ಕೂರುವುದು.

ಹುಳುವಿನ ಗುರುತು: ತಿಳಿಹಸಿರು ಬಣ್ಣ, ಎರಡು ತುದಿಗಳೂ ಮೊನಚು, ಬಲಿತರೂ ಉದ್ದ ಸುಮಾರು ಒಂದು ಸೆಂಟಿಮೀಟರು. ಮುಟ್ಟಿದರೆ ಹಿಂದಕ್ಕೆ ನುಲಿಯುತ್ತ, ನೂಲು ಹಿಡಿದು ಕೆಳಗೆ ಇಳಿಯುವುದು. ಮರಿಹುಳು ಎಲೆಯ ಅಡಿಭಾಗವನ್ನು ಕೆರೆದು ತಿನ್ನುವುದರಿಂದ ಮೇಲಿನ ಪೊರೆ ಗಾಜಿನ ಕಿಟಕಿಯಂತೆ ಉಳಿಯುವುದು.

ಶತ್ರು ಯಾವುದು, ಮಿತ್ರ ಯಾವುದು: ಪತಂಗದ ಗೂಡು ತೆಳು ಬಲೆಯಂತಿದ್ದು, ಒಳಗಿನ ಕೋಶ ಹೊರಗೆ ಕಾಣುವುದು. ಕಣಜದ ಗೂಡು ಚಿಕ್ಕದು, ಬೆಳ್ಳಗೆ ಒತ್ತಾಗಿರುವುದು, ಒಳಗೆ ಏನೂ ಕಾಣದು. ಇಂತಹ ಗೂಡುಗಳನ್ನು ಮುಟ್ಟದೆ ಬಿಡಬೇಕು. ಪತಂಗದ ನಿಜವಾದ ಮೊಟ್ಟೆಗಳು ರಾಗಿ ಕಾಳಿಗಿಂತಲೂ ಸಣ್ಣವು, ಹಳದಿ ಬಣ್ಣದವು.

ಔಷಧಿಗೆ ಏಕೆ ಸಾಯದು: ಬೇಸಿಗೆಯಲ್ಲಿ ಎರಡು ಮೂರು ವಾರಕ್ಕೊಂದು ಹೊಸ ಪೀಳಿಗೆ ಹುಟ್ಟುವುದು. ಒಂದೇ ಔಷಧಿಯನ್ನು ಮತ್ತೆ ಮತ್ತೆ ಹೊಡೆದರೆ ಅದನ್ನು ತಡೆದುಕೊಂಡ ಹುಳುಗಳ ಸಂತತಿಯೇ ಬೆಳೆಯುವುದು. 1953ರಷ್ಟು ಹಿಂದೆಯೇ ಜಾವಾ ದ್ವೀಪದಲ್ಲಿ ಈ ಹುಳು ಡಿ.ಡಿ.ಟಿ.ಗೆ ಜಗ್ಗಲಿಲ್ಲವೆಂದು ವರದಿಯಾಗಿತ್ತು.

ಮಾಡಬೇಕಾದುದು: ಈ ಪತಂಗಕ್ಕೆ ಕೋಸಿಗಿಂತ ಸಾಸಿವೆಯ ಮೇಲೆ ಆಸೆ ಹೆಚ್ಚು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಸಲಹೆಯಂತೆ ಪ್ರತಿ 25 ಸಾಲು ಕೋಸಿಗೆ ಜೋಡಿ ಸಾಲು ಸಾಸಿವೆ ಹಾಕಬೇಕು. ನಾಟಿಗೆ 15 ದಿನ ಮುಂಚೆ ಒಂದು ಸಾಲು, ನಾಟಿಯಾದ 25 ದಿನಕ್ಕೆ ಇನ್ನೊಂದು ಸಾಲು ಬಿತ್ತಿದರೆ ಕೊಯ್ಲಿನವರೆಗೂ ಎಳೆ ಸಾಸಿವೆ ಇರುವುದು. ಅಲ್ಲಿ ಕೂಡಿದ ಹುಳುಗಳನ್ನು ಅಲ್ಲಿಯೇ ನಾಶಮಾಡಬೇಕು.

ಕೋಸಿನ ಮೇಲೆ ಮರಿಹುಳು ಕಂಡರೆ ಅರ್ಧ ಕಿಲೋ ಬೇವಿನ ಬೀಜದ ತಿರುಳನ್ನು ಪುಡಿಮಾಡಿ, ನೀರಿನಲ್ಲಿ ರಾತ್ರಿಯೆಲ್ಲ ನೆನೆಸಿ, ಬಟ್ಟೆಯಲ್ಲಿ ಸೋಸಿ, ಒಟ್ಟು 10 ಲೀಟರು ಮಾಡಿಕೊಳ್ಳಿ. ಸ್ವಲ್ಪ ಸೋಪಿನ ನೀರು ಬೆರೆಸಿ, ಸಂಜೆಯ ಹೊತ್ತು ಎಲೆಯ ಅಡಿಭಾಗಕ್ಕೂ ತಾಗುವಂತೆ ಸಿಂಪಡಿಸಿ. ಕೊಯ್ಲಾದ ಮೇಲೆ ಬುಡಗಳನ್ನು ಹೊಲದಲ್ಲಿ ಉಳಿಸಬೇಡಿ. ಅವೇ ಮುಂದಿನ ಪತಂಗಗಳಿಗೆ ತವರುಮನೆ.

ವಾರಕ್ಕೊಮ್ಮೆ ಹತ್ತು ಗಿಡಗಳ ಎಲೆಗಳನ್ನು ತಿರುವಿ ನೋಡಿ. ಸಂದೇಹವಿದ್ದರೆ ಎಲೆಯನ್ನು ಹುಳುವಿನೊಡನೆ ಕಾಗದದಲ್ಲಿ ಸುತ್ತಿ ತನ್ನಿ. ಒಟ್ಟಿಗೆ ಕುಳಿತು ನೋಡೋಣ. ಔಷಧಿ ಕೊಳ್ಳುವುದು ಆಮೇಲಿನ ಮಾತು.

— ನಿಮ್ಮ ಗ್ರಾಮಸೇವಕ